ನೆರವೂ ನ್ಯಾಯವೂ: ಸರ್ಕಾರಿ ಗುತ್ತಿಗೆಯ ಒಂದು ಧರ್ಮಪ್ರಶ್ನೆ

ಗೃಹಸ್ಥನಿಗೆ ಧನಾರ್ಜನೆ ನಿಷಿದ್ಧವಲ್ಲ. ಆದರೆ ಧನ ಬಂದ ದಾರಿ ಶುದ್ಧವಾಗಿರಬೇಕು. ಪಂಡಿತ ಆಶಾಧರರು ‘ಸಾಗಾರಧರ್ಮಾಮೃತ’ದಲ್ಲಿ ಶ್ರಾವಕಧರ್ಮಕ್ಕೆ ಯೋಗ್ಯನಾದವನ ಗುಣಗಳನ್ನು ಎಣಿಸುವಾಗ ನ್ಯಾಯದಿಂದ ಗಳಿಸಿದ ಧನವನ್ನು ಮೊದಲಿಗೇ ಇರಿಸಿದ್ದಾರೆ. ತಮ್ಮ ಗಳಿಕೆಯ ವಿಷಯದಲ್ಲಿ ಈ ನಿಯಮವನ್ನು ಪಾಲಿಸುವವರು ನಮ್ಮಲ್ಲಿ ಅನೇಕರಿದ್ದಾರೆ. ಆದರೆ ಇನ್ನೊಬ್ಬನ ಗಳಿಕೆಗೆ ನೆರವಾಗುವಾಗಲೂ ಇದೇ ನಿಯಮ ಅನ್ವಯಿಸುತ್ತದೆಯೇ? ಪರೋಪಕಾರವೆಂದು ಮಾಡಿದ ಕಾರ್ಯವೂ ದೋಷಯುಕ್ತವಾಗಬಲ್ಲುದೇ? ಸರ್ಕಾರಿ ಗುತ್ತಿಗೆಗಳ ವಿಷಯದಲ್ಲಿ ಈ ಪ್ರಶ್ನೆ ನಮ್ಮ ಮನೆಬಾಗಿಲಿಗೇ ಬಂದು ನಿಂತಿದೆ.

ಜಯನಗರ, ಜೆ.ಪಿ. ನಗರ, ಬನಶಂಕರಿ, ಬಿ.ಟಿ.ಎಂ. ಬಡಾವಣೆಗಳ ಅಡ್ಡರಸ್ತೆಗಳಲ್ಲಿ ಮುದ್ರಣಾಲಯ, ಸಮವಸ್ತ್ರ ಹೊಲಿಯುವ ಘಟಕ, ಮರಗೆಲಸದ ಶೆಡ್ಡು, ಅಡುಗೆ ಗುತ್ತಿಗೆ ಮೊದಲಾದ ಸಣ್ಣ ಉದ್ಯಮಗಳು ನಾಲ್ಕಾರು ಕುಟುಂಬಗಳ ಹೊಟ್ಟೆ ಹೊರೆಯುತ್ತಿವೆ. ಅದೇ ಬಡಾವಣೆಗಳ ಸರ್ಕಾರಿ ಶಾಲೆ, ಆಸ್ಪತ್ರೆ, ಬ್ಯಾಂಕು, ಪಾಲಿಕೆಯ ಕಚೇರಿಗಳು ನಮೂನೆ, ರಿಜಿಸ್ಟರು, ಮೇಜು, ಬಟ್ಟೆಗಳನ್ನು ವರ್ಷವಿಡೀ ಕೊಳ್ಳುತ್ತವೆ. ತಯಾರಿಸುವವನಿಗೂ ಕೊಳ್ಳುವವನಿಗೂ ನಡುವೆ ಎರಡು ರಸ್ತೆಗಳಷ್ಟೇ ಅಂತರ. ಆದರೂ ಆ ಕೆಲಸ ಬಹುಮಟ್ಟಿಗೆ ದೂರದ ದೊಡ್ಡ ಸಂಸ್ಥೆಗಳ ಪಾಲಾಗುತ್ತದೆ. ಟೆಂಡರಿನ ಹತ್ತಾರು ಪುಟಗಳ ಷರತ್ತು, ಡಿಜಿಟಲ್ ಸಹಿ, ಇ.ಎಂ.ಡಿ. ಠೇವಣಿ, ಹಿಂದಿನ ವರ್ಷಗಳ ವಹಿವಾಟಿನ ದಾಖಲೆ, ಪೂರ್ವಾನುಭವದ ಪ್ರಮಾಣಪತ್ರ ಇವೆಲ್ಲ ಸಣ್ಣವನನ್ನು ಹೊಸ್ತಿಲಲ್ಲೇ ತಡೆಯುತ್ತವೆ. ಅನುಭವವಿಲ್ಲದೆ ಕೆಲಸ ಸಿಗದು. ಕೆಲಸ ಸಿಗದೆ ಅನುಭವ ಬಾರದು.

ಈ ಅಡಚಣೆಯನ್ನು ಕಾನೂನು ಗುರುತಿಸಿದೆ. 1999ರ ಕರ್ನಾಟಕ ಸಾರ್ವಜನಿಕ ಸಂಗ್ರಹಣೆಗಳಲ್ಲಿ ಪಾರದರ್ಶಕತೆ ಅಧಿನಿಯಮವು ಬಹಿರಂಗ ಟೆಂಡರನ್ನು ಸಾಮಾನ್ಯ ನಿಯಮವನ್ನಾಗಿ ಮಾಡಿತು. ಕೇಂದ್ರ ಸರ್ಕಾರದ 2012ರ ಸಂಗ್ರಹಣಾ ನೀತಿಯು ತನ್ನ ಇಲಾಖೆಗಳೂ ಉದ್ಯಮಗಳೂ ವಾರ್ಷಿಕ ಖರೀದಿಯ ಶೇ. 20ನ್ನು ಅತಿಸಣ್ಣ ಮತ್ತು ಸಣ್ಣ ಘಟಕಗಳಿಂದ ಪಡೆಯಬೇಕೆಂದು ವಿಧಿಸಿತು. 2018ರ ತಿದ್ದುಪಡಿಯಿಂದ ಅದು ಶೇ. 25ಕ್ಕೆ ಏರಿತು. ಇಂಥ ಘಟಕಗಳಿಗೆ ಟೆಂಡರ್ ಪತ್ರ ಉಚಿತ, ಇ.ಎಂ.ಡಿ. ಠೇವಣಿಯಿಂದ ವಿನಾಯಿತಿ. ಅತಿ ಕಡಿಮೆ ದರ ದೊಡ್ಡ ಸಂಸ್ಥೆಯದಾಗಿದ್ದು, ಸಣ್ಣ ಘಟಕದ ದರ ಅದಕ್ಕಿಂತ ಶೇ. 15ರ ಒಳಗಿನ ಹೆಚ್ಚಳದಲ್ಲಿದ್ದರೆ, ಅದೇ ಕಡಿಮೆ ದರಕ್ಕೆ ಒಪ್ಪಿಕೊಂಡು ಒಂದು ಪಾಲನ್ನು ಪೂರೈಸುವ ಅವಕಾಶ ಸಣ್ಣವನಿಗೆ ದೊರೆಯುತ್ತದೆ.

ಈ ಕೊನೆಯ ನಿಯಮದಲ್ಲಿರುವ ನೀತಿಯನ್ನು ಗಮನಿಸಬೇಕು. ಸಣ್ಣವನಿಗೆ ಅವಕಾಶ ದೊರೆಯಿತು. ಬೊಕ್ಕಸಕ್ಕೆ ಅಧಿಕ ವೆಚ್ಚವಾಗಲಿಲ್ಲ. ದೊಡ್ಡವನಿಗೆ ಮೊದಲೇ ತಿಳಿದಿದ್ದ ಷರತ್ತಿನಂತೆಯೇ ಎಲ್ಲವೂ ನಡೆಯಿತು. ಅರ್ಥಾತ್, ಇದು ಬೆಳಕಿನಲ್ಲಿ ನೀಡಿದ ನೆರವು. ಖಾಸಗಿಯಾಗಿ ನಾವು ನೀಡುವ ನೆರವಿಗೂ ಇದೇ ಅಳತೆಗೋಲು ಆಗಬೇಕು.

ಆದರೆ ನಮ್ಮ ವ್ಯಾಪಾರಿ ಬಳಗಗಳಲ್ಲಿ ರೂಢಿಯಾಗಿರುವ ಇನ್ನೊಂದು ಬಗೆಯ ನೆರವು ಉಂಟು. ಸಣ್ಣ ಖರೀದಿಗಳಿಗೆ ಕಚೇರಿಗಳು ಮೂರು ಕೊಟೇಶನ್ ಕೇಳುತ್ತವೆ. ಒಬ್ಬನು ತನ್ನ ದರ ಬರೆದು, ಉಳಿದೆರಡಕ್ಕೆ ಸೋದರಮಾವನ ಮತ್ತು ಗೆಳೆಯನ ಲೆಟರ್‌ಹೆಡ್ ಕೇಳುತ್ತಾನೆ. ಅವರು ಅವನು ಹೇಳಿದ ಹೆಚ್ಚಿನ ದರ ಬರೆದು ಸಹಿ ಹಾಕಿಕೊಡುತ್ತಾರೆ. ಹಣದ ಆಸೆಯಿಲ್ಲ, ಲಂಚವಿಲ್ಲ. ಇರುವುದು ದಾಕ್ಷಿಣ್ಯ ಮಾತ್ರ. ‘ದರ ನ್ಯಾಯವಾದದ್ದೇ, ಮಾಲೂ ಉತ್ತಮವಾದದ್ದೇ, ಹುಡುಗನೊಬ್ಬ ತಲೆಯೆತ್ತಲು ಒಂದು ಸಹಿ ಹಾಕಿದರೆ ಯಾರಿಗೆ ಏನು ನಷ್ಟ?’ ಎಂಬುದು ಅವರ ಸಮಾಧಾನ. ನಿರಾಕರಿಸಿದವನೇ ಬಂಧುಪ್ರೇಮವಿಲ್ಲದವನೆಂದು ನಿಂದೆಗೆ ಗುರಿಯಾಗುತ್ತಾನೆ.

ನಷ್ಟವಾದವನು ಆ ಕೋಣೆಯಲ್ಲಿ ಇಲ್ಲ. ಆದ್ದರಿಂದಲೇ ಅವನು ಕಾಣುವುದಿಲ್ಲ. ಮುಂದಿನ ಬೀದಿಯಲ್ಲಿ, ಅಷ್ಟೇ ಸಾಲದ ಹೊರೆ ಹೊತ್ತು, ಇನ್ನೂ ಕಡಿಮೆ ದರಕ್ಕೆ ಮುದ್ರಿಸಿಕೊಡಬಲ್ಲ ಮತ್ತೊಬ್ಬನಿದ್ದಾನೆ. ಮೂರು ಕೊಟೇಶನ್ನಿನ ನಿಯಮ ಇರುವುದೇ ಅವನಿಗೊಂದು ಸ್ಥಾನವಿರಲೆಂದು. ನಮ್ಮ ಎರಡು ಸಹಿಗಳು ಆ ಸ್ಥಾನವನ್ನು ತುಂಬಿಬಿಟ್ಟವು. ದರ ನ್ಯಾಯವಾದದ್ದೆಂದು ಹೇಳಲು ಈಗ ಆಧಾರವೇ ಉಳಿದಿಲ್ಲ; ಏಕೆಂದರೆ ನಿಜವಾದ ಹೋಲಿಕೆ ನಡೆಯಲೇ ಇಲ್ಲ. ಒಳಒಪ್ಪಂದದ ದರ ಸಲ್ಲಿಕೆಯನ್ನು 2002ರ ಸ್ಪರ್ಧಾ ಅಧಿನಿಯಮವೂ ನಿಷೇಧಿಸಿದೆ.

ನಮ್ಮ ಆಚಾರ್ಯರಿಗೆ ಇಂಥ ಸೂಕ್ಷ್ಮ ಅಪರಿಚಿತವಾಗಿರಲಿಲ್ಲ. ಉಮಾಸ್ವಾತಿಗಳ ‘ತತ್ತ್ವಾರ್ಥಸೂತ್ರ’ವು ಸತ್ಯಾಣುವ್ರತದ ಅತಿಚಾರಗಳಲ್ಲಿ ಕೂಟಲೇಖಕ್ರಿಯೆಯನ್ನು, ಅಂದರೆ ಸುಳ್ಳು ಬರಹ ಸೃಷ್ಟಿಸುವುದನ್ನು ಎಣಿಸುತ್ತದೆ. ಮಾರುವ ಉದ್ದೇಶವೇ ಇಲ್ಲದೆ ಬರೆದುಕೊಟ್ಟ ದರಪಟ್ಟಿ ಮತ್ತೇನು? ಅಚೌರ್ಯದ ಅತಿಚಾರಗಳಲ್ಲಿ ವಿರುದ್ಧರಾಜ್ಯಾತಿಕ್ರಮವಿದೆ. ರಾಜ್ಯದ ನಿಯಮವನ್ನು ಮೀರಿ ನಡೆಸುವ ವ್ಯವಹಾರವೆಂದು ಅದನ್ನು ತಿಳಿಯಬಹುದು. ಕೃತ, ಕಾರಿತ, ಅನುಮೋದಿತ ಎಂಬ ಮೂರರ ವಿಚಾರವಂತೂ ಪಾಠಶಾಲೆಯ ಮಕ್ಕಳಿಗೂ ತಿಳಿದದ್ದು. ಲಾಭ ಪಡೆಯಲಿಲ್ಲವೆಂಬ ಕಾರಣಕ್ಕೆ ಸಹಿ ಹಾಕಿದವನು ಹೊರಗುಳಿಯುವುದಿಲ್ಲ. ತಾನೇ ತಯಾರಿಸುವವನಿಗೆಂದು ಇರುವ ರಿಯಾಯಿತಿಯನ್ನು ಕೊಂಡು ಮಾರುವವನು ಪಡೆಯಲೆಂದು ತನ್ನ ಉದ್ಯಮ್ ನೋಂದಣಿಯನ್ನು ಎರವಲು ಕೊಡುವವನ ಸ್ಥಿತಿಯೂ ಇದೇ.

ಹಾಗೆಂದು ‘ಇಲ್ಲ’ ಎಂದಷ್ಟಕ್ಕೇ ಧರ್ಮ ಮುಗಿಯುವುದಿಲ್ಲ. ಸಹಿಯನ್ನು ನಿರಾಕರಿಸಿ ಬಾಗಿಲು ಮುಚ್ಚಿಕೊಂಡವನು ವ್ರತವನ್ನು ಉಳಿಸಿಕೊಂಡಿರಬಹುದು. ಕರುಣೆಯನ್ನು ಉಳಿಸಿಕೊಂಡನೆಂದು ಹೇಳಲಾಗದು. ಆ ಹುಡುಗನಿಗೆ ಕೆಲಸ ಬೇಕಿದೆ ಎಂಬುದು ನಿಜ. ನಮ್ಮ ಟ್ರಸ್ಟುಗಳಲ್ಲಿ ನಿವೃತ್ತ ಲೆಕ್ಕಪರಿಶೋಧಕರು, ಎಂಜಿನಿಯರುಗಳು, ಬ್ಯಾಂಕ್ ಅಧಿಕಾರಿಗಳು ಇದ್ದಾರೆ. ತಿಂಗಳ ಬಹುಪಾಲು ಖಾಲಿ ಬಿದ್ದಿರುವ ಸಭಾಭವನಗಳಿವೆ. ತಿಂಗಳಿಗೊಂದು ಭಾನುವಾರ ಅಲ್ಲಿ ಟೆಂಡರ್ ಪತ್ರ ಓದುವುದನ್ನು, ಉದ್ಯಮ್ ನೋಂದಣಿಯನ್ನು, 2016ರಲ್ಲಿ ಆರಂಭವಾದ ಸರ್ಕಾರಿ ಇ-ಮಾರುಕಟ್ಟೆ ‘ಜೆಮ್’ನಲ್ಲಿ ಮಾಲನ್ನು ದಾಖಲಿಸುವ ಕ್ರಮವನ್ನು ಕಲಿಸಬಹುದು. ಕಲಿಯಲು ಬರುವವನ ಜಾತಿಮತ ಕೇಳದಿದ್ದರೆ ಅದು ನಿಜವಾದ ಜ್ಞಾನದಾನವಾಗುತ್ತದೆ.

ಎರಡು ಪಾಠಗಳು ಅಲ್ಲಿ ಮುಖ್ಯವಾಗಬೇಕು. ಒಂದು, ದರ ಲೆಕ್ಕಹಾಕುವುದು. ಗೆಲ್ಲಲೇಬೇಕೆಂದು ಅಸಲಿಗಿಂತ ಕಡಿಮೆ ದರ ಬರೆದವನು ಮುಂದೆ ಕಾಗದದ ದಪ್ಪವನ್ನೋ ಬಟ್ಟೆಯ ಗುಣವನ್ನೋ ಇಳಿಸುವ ಪ್ರಲೋಭನೆಗೆ ಸಿಲುಕುತ್ತಾನೆ. ಪ್ರತಿರೂಪಕವ್ಯವಹಾರವೆಂಬ ಮತ್ತೊಂದು ಅತಿಚಾರ ಅಲ್ಲಿಂದಲೇ ಹುಟ್ಟುತ್ತದೆ. ‘ಈ ಟೆಂಡರ್ ನಿನಗೆ ಬೇಡ’ ಎಂದು ಹೇಳುವುದೂ ಒಂದು ಉಪಕಾರ. ಎರಡು, ಹಣ ವಸೂಲಿ. 2006ರ ಅಧಿನಿಯಮದಂತೆ ಅತಿಸಣ್ಣ ಮತ್ತು ಸಣ್ಣ ಘಟಕಗಳಿಗೆ ಹಣ ಪಾವತಿಯ ಅವಧಿ 45 ದಿನಗಳನ್ನು ಮೀರುವಂತಿಲ್ಲ. ಮೀರಿದರೆ ಬ್ಯಾಂಕ್ ದರದ ಮೂರುಪಟ್ಟು ಚಕ್ರಬಡ್ಡಿ ಸಲ್ಲಬೇಕು. ಸೌಲಭ್ಯ ಮಂಡಳಿಗೆ ದೂರು ಕೊಡಲು ಅವಕಾಶವಿದೆ. ಆದರೆ ಮುಂದಿನ ಕೆಲಸ ತಪ್ಪೀತೆಂಬ ಅಂಜಿಕೆಯಿಂದ ಸಣ್ಣವನು ಮೌನವಾಗಿರುತ್ತಾನೆ. ಆ ಅವಧಿಯಲ್ಲಿ ಕೂಲಿ ಕೊಡಲು ಬಡ್ಡಿಯಿಲ್ಲದ ಕೈಸಾಲ ನೀಡುವವನು ನಿಜಕ್ಕೂ ಅವನ ಕೈಹಿಡಿದವನು.

ಇಷ್ಟು ಹೇಳಿದ ಮೇಲೆ ನಮ್ಮ ಟ್ರಸ್ಟುಗಳು ತಮ್ಮ ಲೆಕ್ಕಪುಸ್ತಕಗಳನ್ನೂ ತೆರೆದು ನೋಡಬೇಕು. ಬಸದಿಯ ಜೀರ್ಣೋದ್ಧಾರ, ಪಂಚಾಂಗದ ಮುದ್ರಣ, ಉತ್ಸವದ ಶಾಮಿಯಾನ ಇವುಗಳ ದರಪಟ್ಟಿಗಳು ನಿಜವಾಗಿಯೂ ಮೂವರಿಂದ ಬಂದವೇ? ಸಣ್ಣ ಪೂರೈಕೆದಾರನಿಗೆ 45 ದಿನಗಳೊಳಗೆ ಹಣ ಸಂದಿದೆಯೇ? ಸರ್ಕಾರದಿಂದ ನ್ಯಾಯವನ್ನು ನಿರೀಕ್ಷಿಸುವವರು ಅದನ್ನು ಮೊದಲು ಸಮುದಾಯದ ಹಣದಲ್ಲಿ ಆಚರಿಸಿ ತೋರಿಸುವುದು ಯುಕ್ತ.

ಯಾವ ನೆರವು ನಿರ್ದೋಷವೆಂಬ ಸಂಶಯ ಬಂದಾಗ ಒಂದು ಸರಳ ಪರೀಕ್ಷೆ ಸಾಕು: ನಾವು ಮಾಡಿದ್ದನ್ನು ಗುತ್ತಿಗೆ ದೊರೆಯದೆ ಹೋದವನ ಎದುರಿಗೆ ನಿಂತು ಹೇಳಬಲ್ಲೆವೇ? ಟೆಂಡರ್ ಓದಿಸಿದೆ, ಲೆಕ್ಕ ಕಲಿಸಿದೆ, ಕೈಸಾಲ ಕೊಟ್ಟೆ ಎಂದು ಅವನಿಗೆ ಹೇಳಬಹುದು. ‘ನೀನೂ ಬಾ’ ಎಂದು ಅವನನ್ನೂ ಕರೆಯಬಹುದು. ಲೆಟರ್‌ಹೆಡ್ ಕೊಟ್ಟೆ ಎಂದು ಮಾತ್ರ ಹೇಳಲಾಗದು.