ಹರಾಜಿನಲ್ಲಿ ಗೆದ್ದ ಗಡಿಯಾರ

ಒಂದು ಕೈಗಡಿಯಾರಕ್ಕೆ ನೂರು ಕೋಟಿ ರೂಪಾಯಿಗೂ ಮೀರಿದ ಬೆಲೆ ಎಂದರೆ ನೀವು ನಂಬುತ್ತೀರಾ? ನಾನಂತೂ ಮೊದಲು ನಂಬಿರಲಿಲ್ಲ. 2017ರ ಅಕ್ಟೋಬರಿನಲ್ಲಿ ನ್ಯೂಯಾರ್ಕಿನಲ್ಲಿ ಫಿಲಿಪ್ಸ್ ಸಂಸ್ಥೆ ನಡೆಸಿದ ಹರಾಜಿನಲ್ಲಿ ರೋಲೆಕ್ಸ್ ಡೇಟೋನಾ ವಾಚೊಂದು 1 ಕೋಟಿ 77 ಲಕ್ಷ ಡಾಲರಿಗೂ ಹೆಚ್ಚಿಗೆ ಹೋಯಿತು. ಚಿನ್ನದ್ದಲ್ಲ, ವಜ್ರ ಕೂರಿಸಿದ್ದೂ ಅಲ್ಲ, ಬರೀ ಉಕ್ಕಿನದು. ಅಂಗಡಿಯಲ್ಲಿ ಕೊಂಡಾಗ ಅದರ ಬೆಲೆ ಕೆಲವು ನೂರು ಡಾಲರು ಅಷ್ಟೆ.

ಹಾಗಾದರೆ ಅಷ್ಟು ಬೆಲೆ ಬಂದದ್ದೆಲ್ಲಿಂದ? ಅದು ಹಾಲಿವುಡ್ ನಟ ಪಾಲ್ ನ್ಯೂಮನ್ ಕಟ್ಟುತ್ತಿದ್ದ ವಾಚು. ಆತನಿಗೆ ಕಾರ್ ರೇಸಿನ ಹುಚ್ಚು. ಉಡುಗೊರೆ ಕೊಟ್ಟ ಹೆಂಡತಿ ಜೋಆನ್ ವುಡ್‌ವರ್ಡ್ ಅದರ ಹಿಂಬದಿಯಲ್ಲಿ ‘ಜೋಪಾನವಾಗಿ ಓಡಿಸು’ ಎಂಬರ್ಥದ ಮಾತು ಕೆತ್ತಿಸಿ, ಕೆಳಗೆ ಹೆಸರಿನ ಬದಲು ‘ನಾನು’ ಎಂದಷ್ಟೇ ಹಾಕಿಸಿದ್ದಳು. ಗಂಡ ಸ್ಕೂಟರ್ ತೆಗೆಯುವಾಗ ನಾವು ಬಾಗಿಲಲ್ಲಿ ನಿಂತು ಹೇಳುವ ಮಾತೇ ತಾನೆ ಅದು?

ಆದರೆ ನ್ಯೂಮನ್ ಅದನ್ನು ಬಚ್ಚಿಟ್ಟುಕೊಳ್ಳಲಿಲ್ಲ. 1984ರಲ್ಲಿ ಮಗಳ ಗೆಳೆಯನೊಬ್ಬ ಅವರ ಮನೆಯಲ್ಲಿ ರಿಪೇರಿ ಕೆಲಸ ಮಾಡುತ್ತಿದ್ದ. ಗಂಟೆ ಎಷ್ಟೆಂದು ನ್ಯೂಮನ್ ಕೇಳಿದಾಗ, ತನ್ನ ಹತ್ತಿರ ವಾಚೇ ಇಲ್ಲ ಎಂದನಂತೆ. ತನ್ನ ವಾಚನ್ನೇ ಅವನಿಗೆ ಕೊಟ್ಟು, ದಿನಾ ಕೀ ಕೊಟ್ಟರೆ ಚೆನ್ನಾಗಿ ನಡೆಯುತ್ತದೆ ಎಂದನಂತೆ. ಹುಡುಗ ವರ್ಷಗಟ್ಟಲೆ ಕಟ್ಟಿಕೊಂಡ. ಮುಂದೆ ಹರಾಜಿಗೆ ಬಂದದ್ದು ಅದೇ.

ಸ್ಟಾಫ್ ರೂಮಿನಲ್ಲಿ ಇದನ್ನು ಹೇಳಿದಾಗ ಎಲ್ಲರೂ ನಕ್ಕೆವು. ಹೆಂಡತಿಯ ಕಾಳಜಿಯನ್ನು ದುಡ್ಡು ಕೊಟ್ಟು ಕೊಳ್ಳಲಾಗುತ್ತದೆಯೇ ಎಂದು ನಾನೇ ದೊಡ್ಡದಾಗಿ ಮಾತಾಡಿದೆ. ಕೊಳ್ಳುವವರೆಲ್ಲ ಬರೀ ಜಂಬದವರು ಎನ್ನುವುದೂ ನ್ಯಾಯವಲ್ಲ. 2019ರಲ್ಲಿ ಜಿನೀವಾದಲ್ಲಿ 3 ಕೋಟಿ 10 ಲಕ್ಷ ಸ್ವಿಸ್ ಫ್ರಾಂಕಿಗೆ ಹೋದ ಪಟೆಕ್ ಫಿಲಿಪ್ ವಾಚಿನ ಹಣ, ಮಕ್ಕಳ ಸ್ನಾಯುಗಳನ್ನು ಕ್ಷಯಿಸುವ ಕಾಯಿಲೆಯೊಂದರ ಸಂಶೋಧನೆಗೆಂದೇ ಸಂಗ್ರಹವಾದದ್ದು.

ಆ ಸಂಜೆ ಮನೆಗೆ ಬಂದು ಸೀರೆಗಾಗಿ ಬೀರು ತೆಗೆದಾಗ, ರೇಷ್ಮೆ ಸೀರೆಗಳ ಕೆಳಗಿನ ಪುಟ್ಟ ಡಬ್ಬಿ ಕೈಗೆ ತಾಗಿತು. ನನ್ನ ನಗು ಅಲ್ಲಿಗೇ ನಿಂತಿತು.

ಅದರಲ್ಲಿರುವುದು ಅಪ್ಪನ ಎಚ್.ಎಂ.ಟಿ. ವಾಚು. ಬೆಳಗಿನ ಕಾಫಿ ಕುಡಿದು, ಕಿವಿಗೆ ಹಿಡಿದು, ಕೀ ಕೊಟ್ಟೇ ಅಪ್ಪ ಹೊರಗೆ ಹೊರಡುತ್ತಿದ್ದದ್ದು. ಅವರ ವೈಕುಂಠ ಸಮಾರಾಧನೆಯ ದಿನ ತಮ್ಮ ಅದನ್ನು ಕೈಗೆತ್ತಿಕೊಂಡು, “ಅಕ್ಕಾ, ಇದು ನನಗಿರಲಾ?” ಎಂದು ಮೆಲ್ಲಗೆ ಕೇಳಿದ. “ಮೂರು ವರ್ಷ ರಾತ್ರಿ ಹಗಲು ಅಪ್ಪನ್ನ ನೋಡಿಕೊಂಡೋರು ಯಾರಪ್ಪಾ?” ಎಂದುಬಿಟ್ಟೆ. ನೆಂಟರೆಲ್ಲ ಕೂತಿದ್ದರು. ಅವನು ಮಾತಾಡದೆ ವಾಚನ್ನು ಮೇಜಿನ ಮೇಲಿಟ್ಟ.

ಅದೂ ಒಂದು ಹರಾಜೇ ಅಲ್ಲವೇ? ನಿದ್ದೆಗೆಟ್ಟ ರಾತ್ರಿಗಳನ್ನು ಬೆಲೆಯಾಗಿ ಕೂಗಿ ನಾನು ಗೆದ್ದೆ. ದೂರದ ಊರಿನ ನೌಕರಿಯಲ್ಲಿದ್ದ ತಮ್ಮನ ಹತ್ತಿರ ಕೂಗಲು ಅಷ್ಟು ರಾತ್ರಿಗಳಿರಲಿಲ್ಲ. ಹಾಗೆಂದು ಅವನಿಗೆ ಅಪ್ಪನ ಮೇಲೆ ಪ್ರೀತಿ ಕಡಿಮೆಯಿತ್ತೇ? ಅಪ್ಪನಿಗೆ ಮಾಡಿದ ಸೇವೆಗೆ ಬೆಲೆ ಕಟ್ಟಿದವಳು ನಾನೇ. ಇಷ್ಟಾಗಿ ಗೆದ್ದು ಮಾಡಿದ್ದೇನು? ನಾಲ್ಕು ವರ್ಷದಿಂದ ಒಂದು ಸಲವೂ ಕೀ ಕೊಟ್ಟಿಲ್ಲ. ತಿಜೋರಿಯಲ್ಲಿ ಇಡುವ ಶ್ರೀಮಂತನನ್ನು ನೋಡಿ ನಕ್ಕವಳು ನಾನು!

ಪ್ರೀತಿಯ ವಸ್ತು ಯಾರಿಗೆ ಸೇರಬೇಕು? ಹೆಚ್ಚು ಮಾಡಿದವರಿಗೋ, ಬೇಕೆಂದು ಕೇಳಿದವರಿಗೋ? ಇವತ್ತಿಗೂ ನನಗೆ ಪೂರ್ತಿ ತಿಳಿದಿಲ್ಲ. ನ್ಯೂಮನ್ ಮಾತ್ರ ವಾಚಿಲ್ಲದವನಿಗೆ ವಾಚು ಕೊಟ್ಟ, ಲೆಕ್ಕ ಹಾಕಲಿಲ್ಲ.

ಆ ರಾತ್ರಿ ಕೀ ಕೊಟ್ಟು ಕಿವಿಗೆ ಹಿಡಿದೆ. ಸ್ವಲ್ಪ ತಡೆದು, ಟಿಕ್ ಟಿಕ್ ಎಂದಿತು. ದೀಪಾವಳಿಗೆ ತಮ್ಮ ಬರುತ್ತಾನೆ. ವಾಚನ್ನು ಅವನ ಕೈಗೆ ಕಟ್ಟಬೇಕು. ಅದಕ್ಕಿಂತ ಮೊದಲು, ಆ ದಿನ ನೆಂಟರ ಮುಂದೆ ಆಡಿದ ಮಾತು ತಪ್ಪಾಯಿತು ಎನ್ನಬೇಕು. ಕಷ್ಟದ್ದು ಅದೇ.