ಸಾಹಚರ್ಯ, ಸಹಸಂಬಂಧ ಮತ್ತು ಉಪಾಧಿ

ಬದಲಾಗುತ್ತ ಹೋಗುವ ಯಾವುದೇ ಅಳತೆಯನ್ನು ಸಂಖ್ಯಾಶಾಸ್ತ್ರ ‘ಚಲಕ’ವೆನ್ನುತ್ತದೆ. ಒಂದು ಚಲಕವನ್ನು ಅರಿತಾಗ ಇನ್ನೊಂದರ ಬಗ್ಗೆಯೂ ಏನಾದರೂ ತಿಳಿಯುವಂತಿದ್ದರೆ ಅವುಗಳ ನಡುವೆ ‘ಸಾಹಚರ್ಯ’ವಿದೆಯೆಂದೂ, ಆ ಸಾಹಚರ್ಯ ಸರಳರೇಖೆಯ ಜಾಡಿನಲ್ಲಿ ಸಾಗುವಾಗ ಅದು ‘ಸಹಸಂಬಂಧ’ವೆಂದೂ ಹೇಳುವುದು ವಾಡಿಕೆ. ಕಾರ್ಲ್ ಪಿಯರ್ಸನ್ 1896ರಲ್ಲಿ ವಿವರಿಸಿದ ಸಹಸಂಬಂಧ ಗುಣಾಂಕವು −1 ಮತ್ತು +1ರ ನಡುವೆ ಇರುತ್ತದೆ: ಎರಡೂ ಒಟ್ಟಿಗೆ ಏರಿದರೆ ಧನ, ಒಂದು ಏರಿದಾಗ ಮತ್ತೊಂದು ಇಳಿದರೆ ಋಣ. 2016ರ ಮುಂಗಾರಿನ ತೊಗರಿ ಹೇರಳವಾಗಿ ಬಂದು ದರ ಬೆಂಬಲ ಬೆಲೆಗಿಂತ ಕೆಳಗೆ ಕುಸಿದದ್ದು ಋಣ ಸಂಬಂಧಕ್ಕೆ ರೈತರು ತೆತ್ತ ಬೆಲೆಯ ನಿದರ್ಶನ.

ಗುಣಾಂಕ ಸೊನ್ನೆಯಾದ ಮಾತ್ರಕ್ಕೆ ನಂಟೇ ಇಲ್ಲವೆಂದು ತಿಳಿಯುವುದು ದೊಡ್ಡ ತಪ್ಪು. ಕಲಬುರಗಿ ಜಿಲ್ಲೆಯ ಆಳಂದ, ಅಫಜಲಪುರ, ಜೇವರ್ಗಿ ತಾಲ್ಲೂಕುಗಳ ಎರೆಭೂಮಿಯಲ್ಲಿ ಮಳೆ ತೀರ ಕಡಿಮೆಯಾದರೆ ತೊಗರಿಯ ಹೂ ಉದುರುತ್ತದೆ, ಹದವಾಗಿ ಬಿದ್ದರೆ ಕಾಯಿ ತುಂಬುತ್ತದೆ, ಅತಿಯಾಗಿ ಸುರಿದು ಹೊಲದಲ್ಲಿ ನೀರು ನಿಂತರೆ ಬೇರು ಕೊಳೆತು ಗಿಡ ಒಣಗುತ್ತದೆ. ಮಳೆ ಮತ್ತು ಇಳುವರಿಯ ಚುಕ್ಕೆಗಳನ್ನು ಕಾಗದದ ಮೇಲಿಟ್ಟರೆ ಗುಡ್ಡದಂಥ ಆಕೃತಿ ಮೂಡುವುದರಿಂದ, ಏರಿಕೆಯೂ ಇಳಿಕೆಯೂ ಒಂದನ್ನೊಂದು ಕಳೆದು ಗುಣಾಂಕ ಸೊನ್ನೆಯ ಸಮೀಪ ಬರಬಹುದು. ಆದರೂ ಅಲ್ಲಿ ತೊಗರಿಯ ಅಳಿವು ಉಳಿವು ಮಳೆಯನ್ನೇ ನಂಬಿದೆ.

ಇದಕ್ಕಿಂತ ಸೂಕ್ಷ್ಮವಾದುದು, ಎರಡು ಒಟ್ಟಿಗೆ ಕಂಡಾಗ ಒಂದು ಇನ್ನೊಂದಕ್ಕೆ ಕಾರಣವೇ ಎಂಬ ಪ್ರಶ್ನೆ. ಹೊಗೆಯಿದ್ದಲ್ಲೆಲ್ಲ ಬೆಂಕಿಯಿರುತ್ತದೆ ಎಂಬ ತಪ್ಪದ ಒಡನಾಟವನ್ನು ಭಾರತೀಯ ತರ್ಕಪರಂಪರೆಯಾದ ನ್ಯಾಯದರ್ಶನ ‘ವ್ಯಾಪ್ತಿ’ ಎನ್ನುತ್ತದೆ. ಬೆಂಕಿಯಿದ್ದಲ್ಲೆಲ್ಲ ಹೊಗೆ ಎಂಬುದು ಮಾತ್ರ ನಿಲ್ಲುವುದಿಲ್ಲ, ಏಕೆಂದರೆ ಕಾದ ಕಬ್ಬಿಣದ ಗುಂಡಿನಲ್ಲಿ ಹೊಗೆಯಿಲ್ಲ, ಹೊಗೆಗೆ ಹಸಿ ಸೌದೆಯೂ ಬೇಕು. ಹೀಗೆ ಮರೆಯಲ್ಲಿದ್ದು ಸಂಬಂಧವನ್ನು ನಡೆಸುವ ಮೂರನೆಯದೇ ‘ಉಪಾಧಿ’. ಇಂದಿನ ಸಂಖ್ಯಾಶಾಸ್ತ್ರಜ್ಞರು ಹುಡುಕುವ ಮರೆಯ ಚಲಕಕ್ಕೆ ಇದಕ್ಕಿಂತ ಒಪ್ಪುವ ಹೆಸರು ಸಿಗುವುದು ಕಷ್ಟ.

ಉಪಾಧಿಯ ಈ ಎಚ್ಚರ ತೊಗರಿಯ ಆ ಮೂರು ತಾಲ್ಲೂಕುಗಳ ಹಿಂದುಳಿದಿರುವಿಕೆಯನ್ನು ಅರಿಯಲೂ ಬೇಕು. ಪ್ರಾದೇಶಿಕ ಅಸಮತೋಲನವನ್ನು ಅಧ್ಯಯನ ಮಾಡಿದ ಡಾ. ಡಿ.ಎಂ. ನಂಜುಂಡಪ್ಪ ಸಮಿತಿಯು 2002ರ ವರದಿಯಲ್ಲಿ 35 ಸೂಚಕಗಳನ್ನು ಕೂಡಿಸಿ ರಾಜ್ಯದ 175 ತಾಲ್ಲೂಕುಗಳನ್ನು ಅಳೆದು, 39 ತಾಲ್ಲೂಕುಗಳನ್ನು ಅತ್ಯಂತ ಹಿಂದುಳಿದವೆಂದು ಗುರುತಿಸಿದಾಗ ಆಳಂದ, ಅಫಜಲಪುರ, ಜೇವರ್ಗಿ ಮೂರೂ ಆ ಪಟ್ಟಿಯಲ್ಲಿದ್ದವು. ಇಂಥ ಕಡೆ ಸಾಕ್ಷರತೆ, ಆರೋಗ್ಯ, ರಸ್ತೆ, ಸಾಲಸೌಲಭ್ಯಗಳ ಕೊರತೆಗಳು ಒಟ್ಟಾಗಿ ಕಂಡಾಗ ಒಂದನ್ನು ಇನ್ನೊಂದರ ಕಾರಣವೆಂದು ಸಾರುವ ಮೊದಲು, 1948ರವರೆಗಿನ ನಿಜಾಮರ ಆಳ್ವಿಕೆ, ಆಗಿನ ಉರ್ದು ಮಾಧ್ಯಮದ ಶಿಕ್ಷಣ, 1956ರ ಏಕೀಕರಣದ ನಂತರದ ಹೂಡಿಕೆ, ಮೇಲಿಂದ ಮೇಲೆ ಬರುವ ಬರ ಇವು ಎಲ್ಲವನ್ನೂ ಒಟ್ಟಿಗೆ ಎಳೆದ ಉಪಾಧಿಗಳೇ ಎಂದು ಪರೀಕ್ಷಿಸಬೇಕು. ಹಾಗೆ ಪರೀಕ್ಷಿಸಲು ಮೂರೇ ತಾಲ್ಲೂಕುಗಳ ಅಂಕಿ ಸಾಲದು: ಮೂರೂ ಒಂದೇ ಮಟ್ಟದಲ್ಲಿದ್ದರೆ ಅವುಗಳೊಳಗಿನ ವ್ಯತ್ಯಾಸ ಕಿರಿದಾಗಿ, ಇಡೀ ರಾಜ್ಯದಲ್ಲಿ ಎದ್ದು ಕಾಣುವ ಸಹಸಂಬಂಧವೂ ಇಲ್ಲಿ ಮಸುಕಾಗಬಹುದು. ಈ ಸೀಮೆಗೆ ಯೋಜನೆ ರೂಪಿಸುವವರು ಗುಣಾಂಕವನ್ನು ನಂಬುವ ಮುನ್ನ ಚುಕ್ಕೆಗಳನ್ನು ಕಾಗದಕ್ಕಿಳಿಸಿ ಕಣ್ಣಾರೆ ನೋಡಲಿ.