ಯಾರೂ ನೋಡದ ಬೆನ್ನಿಗೆ ಬಣ್ಣ ಬೇಕೇ?



ನಮ್ಮ ಯುವಜನರಲ್ಲಿ ಕೆಲವರು ಈಗ ಪುಟ್ಟ ಪ್ಲಾಸ್ಟಿಕ್ ಗೊಂಬೆಗಳಿಗೆ ಬಣ್ಣ ಹಚ್ಚುವ ಹವ್ಯಾಸ ಹಿಡಿದಿದ್ದಾರೆ. ಕಟ್ಟುಕಥೆಯ ಲೋಕದ ಯೋಧ. ಕೈಯಲ್ಲಿ ಕೊಡಲಿ, ಬೆನ್ನ ಮೇಲೆ ನಿಲುವಂಗಿ, ಎತ್ತರ ಸುಮಾರು 28 ಮಿಲಿಮೀಟರ್. ಅದನ್ನು ಕಂಡ ಹಿರಿಯರು ಕೇಳುವ ಪ್ರಶ್ನೆ ನ್ಯಾಯವಾದದ್ದೇ: "ಇಷ್ಟು ಚಿಕ್ಕದಕ್ಕೆ ಇಷ್ಟು ಹೊತ್ತು ಏಕಪ್ಪಾ? ಹಿಂದುಗಡೆ ಯಾರು ನೋಡುತ್ತಾರೆ?" ಯಾರೂ ನೋಡದ ಕೆಲಸವನ್ನು ಚೆನ್ನಾಗಿ ಮಾಡಬೇಕೇ ಎಂಬುದು ಗೊಂಬೆಗಷ್ಟೇ ಸೇರಿದ ಪ್ರಶ್ನೆಯಲ್ಲ.

ಕೆಲಸದ ಕ್ರಮ ಹೀಗಿದೆ. ಮೊದಲು ಗೊಂಬೆಯನ್ನು ಸೋಪಿನ ನೀರಿನಲ್ಲಿ ತೊಳೆದು, ಅಚ್ಚಿನ ಗೆರೆಗಳನ್ನು ಚಾಕುವಿನಿಂದ ಹೆರೆಯಬೇಕು. ಆಮೇಲೆ ತೆಳುವಾಗಿ ಪ್ರೈಮರ್. ಅದು ಒಣಗಿದ ಮೇಲೆ ಅಕ್ರಿಲಿಕ್ ಬಣ್ಣಕ್ಕೆ ನೀರು ಬೆರೆಸಿ, ಒಂದು ದಪ್ಪ ಪದರಕ್ಕೆ ಬದಲು ಎರಡು ತೆಳು ಪದರ ಹಚ್ಚಬೇಕು. ದಪ್ಪವಾದರೆ ಮುಖದ ಗೆರೆಗಳೇ ಮುಚ್ಚಿಹೋಗುತ್ತವೆ. ನಂತರ ಬಹಳ ತಿಳಿಯಾದ ಗಾಢ ಬಣ್ಣವನ್ನು ಹರಿಸಿದರೆ ಅದು ಬಟ್ಟೆಯ ಮಡಿಕೆಗಳಲ್ಲಿ ನಿಂತು ನೆರಳಾಗುತ್ತದೆ. ಇಷ್ಟು ಚಿಕ್ಕ ವಸ್ತುವಿನ ಮೇಲೆ ಕೋಣೆಯ ಬೆಳಕು ತಾನಾಗಿ ಸಾಕಷ್ಟು ನೆರಳು ಮೂಡಿಸುವುದಿಲ್ಲ, ನಾವೇ ಬರೆಯಬೇಕು. ಕೊನೆಗೆ ಅಂಚುಗಳಿಗೆ ತಿಳಿಬಣ್ಣ, ಮೇಲೆ ವಾರ್ನಿಷ್.

ಮುಗಿದ ಗೊಂಬೆಯಲ್ಲಿ ಪ್ರೈಮರ್ ಕಾಣುವುದೇ ಇಲ್ಲ. ಆದರೆ ಅದಿಲ್ಲದಿದ್ದರೆ ನುಣುಪಾದ ಪ್ಲಾಸ್ಟಿಕ್ಕಿನ ಮೇಲೆ ಬಣ್ಣ ಗಟ್ಟಿಯಾಗಿ ಕೂರದೆ, ಉಗುರು ತಾಗಿದರೂ ಕಿತ್ತು ಬರುತ್ತದೆ. ಕಾಣದ್ದು ಬೇಡವಾದದ್ದಲ್ಲ, ಕಾಣುವುದೆಲ್ಲ ಅದನ್ನೇ ಹಿಡಿದು ನಿಂತಿದೆ.

ಆದರೆ ನಿಲುವಂಗಿಯ ಒಳಮೈ? ಅದು ಏನನ್ನೂ ಹಿಡಿದು ನಿಲ್ಲಿಸುವುದಿಲ್ಲ. "ದೇವರು ನೋಡುತ್ತಾರೆ" ಎನ್ನುತ್ತೇವೆ. ನಿಜವೇ. ಆದರೆ ಭಯಕ್ಕಾಗಿ ಹೇಳಿದರೆ ದೇವರು ತಪ್ಪು ಹುಡುಕುವ ಪರೀಕ್ಷಕರಾಗುತ್ತಾರೆ. ಸಂತ ಮತ್ತಾಯರ ಶುಭಸಂದೇಶದ 6ನೇ ಅಧ್ಯಾಯದಲ್ಲಿ ಯೇಸುಸ್ವಾಮಿ ಗುಟ್ಟಾಗಿ ಮಾಡಿದ್ದನ್ನು ಕಾಣುವವರನ್ನು ತಂದೆ ಎಂದು ಕರೆಯುತ್ತಾರೆ. ಮಗು ತೋರಿಸಿದ ಚಿತ್ರವನ್ನು ತಂದೆ ತಿರುಗಿಸಿ ತಿರುಗಿಸಿ ನೋಡುವುದು ಪ್ರೀತಿಯಿಂದ, ಅಂಕ ಕಳೆಯಲಿಕ್ಕಲ್ಲ.

ಇದಕ್ಕೊಂದು ಮಿತಿಯೂ ಉಂಟು. ಕಟ್ಟುಕಥೆಯ ಗೊಂಬೆ ಎಂಬುದೇ ದೋಷವಲ್ಲ. ಶುಭಸಂದೇಶದಲ್ಲಿಲ್ಲದ ಗೊಂಬೆಗಳನ್ನು ಮಕ್ಕಳೂ ದೊಡ್ಡವರೂ ಗೋದಲಿಯಲ್ಲಿ ಇಡುವುದನ್ನು ಜಗದ್ಗುರು ಫ್ರಾನ್ಸಿಸರು 2019ರ ತಮ್ಮ ಪತ್ರದಲ್ಲಿ ಆದರದಿಂದಲೇ ನೆನೆದಿದ್ದಾರೆ. ಆದರೆ ಅಡುಗೆಮನೆಯಿಂದ ಅಮ್ಮ ಕರೆದಾಗ ಕುಂಚ ಕೆಳಗಿಡಲಾಗದಿದ್ದರೆ, ಆ ಅಚ್ಚುಕಟ್ಟು ಪ್ರೀತಿಯಲ್ಲ, ಹಮ್ಮು. ಬೇಕಾದಾಗ ಅರ್ಧಕ್ಕೆ ಬಿಟ್ಟು ಏಳಬಲ್ಲವನ ಶ್ರದ್ಧೆಯೇ ನಿಜವಾದ ಶ್ರದ್ಧೆ.

ಈ ಮಾತು ನಮಗೆ ಹತ್ತಿರದ್ದು. ಹಲವು ಭಾಷೆಗಳ ಈ ಧರ್ಮಕ್ಷೇತ್ರದಲ್ಲಿ ಕನ್ನಡ ಬಲಿಪೂಜೆಗೆ ಸೇರುವವರು ಕೆಲವೇ ಬೆಂಚುಗಳಷ್ಟು ಜನ. "ಇಷ್ಟೇ ಮಂದಿಗೆ ಗಾಯನದ ಅಭ್ಯಾಸ ಯಾಕೆ? ವಾಚನವನ್ನು ಮೊದಲೇ ಓದಿಕೊಳ್ಳುವುದು ಯಾಕೆ?" ಎಂಬ ಮಾತು ನಮ್ಮ ನಡುವೆಯೇ ಕೇಳಿಬರುತ್ತದೆ. ಚಿಕ್ಕದಕ್ಕೆ ಕಡಿಮೆ ಸಾಕು ಎಂದು ನಾವೇ ಒಪ್ಪಿಕೊಂಡರೆ, ಅದು ಇನ್ನೂ ಚಿಕ್ಕದಾಗುತ್ತದೆ. ಕೊನೆಯ ಬೆಂಚಿನಲ್ಲಿ ಕುಳಿತ ಅಜ್ಜಿಗೆ ದೇವರ ವಾಕ್ಯ ತನ್ನ ಮಾತಿನಲ್ಲಿ ಸ್ಪಷ್ಟವಾಗಿ ಕೇಳಬೇಕು. ಅವರೊಬ್ಬರೇ ಇದ್ದರೂ ಕೇಳಬೇಕು.

ಮುಂದಿನ ಕನ್ನಡ ಪೂಜೆಯ ವಾಚನ ಯಾರದೋ, ಅವರು ಶನಿವಾರ ರಾತ್ರಿಯೇ ಒಮ್ಮೆ ಗಟ್ಟಿಯಾಗಿ ಓದಿಕೊಳ್ಳಲಿ.